ಒಬ್ಬನ ಸಾಲ ಇನ್ನೊಬ್ಬನ ಖಾತೆಗೆ

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನನಗೆ ಒಪ್ಪಿಸಿರುವ ವಿಷಯ ದೊಡ್ಡದು. ಮುಸಲ್ಮಾನರೂ ಕ್ರೈಸ್ತರೂ ಹೆಚ್ಚುಕಡಿಮೆ ಸರಿಸಮವಾಗಿರುವ ನೈಜೀರಿಯದಂಥ ದೇಶದಲ್ಲಿ ಮತದ ಹೆಸರಿನಲ್ಲಿ ರಕ್ತ ಹರಿಯುವುದೇಕೆ, ಅದರ ಹಿಂದೆ ರಾಜಕೀಯದ ಕೈ ಎಷ್ಟು ಎಂಬುದೇ ಆ ವಿಷಯ. ಸಭೆಗೆ ಮುಂಚೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಆಫ್ರಿಕಾದ ಗಲಾಟೆ ಕಟ್ಟಿಕೊಂಡು ನಮಗೇನು ಸ್ವಾಮಿ? ಆಲೂಗೆಡ್ಡೆ ಬೆಲೆಯ ಮಾತಾಡಿ” ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಆದ್ದರಿಂದ ನಾನು ಆಫ್ರಿಕಾದಿಂದ ಹೊರಡುವುದಿಲ್ಲ. ನಿಮ್ಮ ಅಂಗಡಿಯ ಖಾತೆ ಪುಸ್ತಕದಿಂದಲೇ ಹೊರಡುತ್ತೇನೆ.

ವ್ಯಾಪಾರಸ್ಥರಿಗೆ ಒಂದು ಪ್ರಶ್ನೆ. ರಾಮಣ್ಣ ಎಂಬವನು ನಿಮ್ಮ ಅಂಗಡಿಯಲ್ಲಿ ಸಾಲ ಮಾಡಿ ಊರು ಬಿಟ್ಟು ಹೋದ ಎಂದುಕೊಳ್ಳಿ. ತಿಂಗಳ ಕೊನೆಗೆ ಹಾದಿಯಲ್ಲಿ ಸಿಕ್ಕಿದ ಸೋಮಣ್ಣನ ಕೊರಳಪಟ್ಟಿ ಹಿಡಿದು, “ನಿನ್ನ ಜಾತಿಯವನು ಸಾಲ ಮಾಡಿದ್ದಾನೆ, ನೀನು ಕೊಡು” ಎಂದು ಕೇಳುತ್ತೀರಾ? ಕೇಳಿದರೆ ಅವನು ಬಿಟ್ಟಾನೆಯೇ? ಪಕ್ಕದ ಅಂಗಡಿಯವರು ನಿಮಗೆ ಬುದ್ಧಿ ಕೆಟ್ಟಿದೆ ಎನ್ನುವುದಿಲ್ಲವೇ? ಒಂದು ಸೇರು ಅಕ್ಕಿಯ ಲೆಕ್ಕದಲ್ಲಿ ನಾವು ಯಾರೂ ಮಾಡದ ಈ ತಪ್ಪನ್ನು, ಮನುಷ್ಯರ ಪ್ರಾಣದ ಲೆಕ್ಕದಲ್ಲಿ ದೊಡ್ಡ ದೊಡ್ಡವರು ಮಾಡುತ್ತಾ ಬಂದಿದ್ದಾರೆ. ಒಬ್ಬನ ಸಾಲವನ್ನು ಇನ್ನೊಬ್ಬನ ಖಾತೆಗೆ ಬರೆಯುವುದು; ಕೆಲವರ ಅಪರಾಧವನ್ನು ಒಂದು ಇಡೀ ಜನದ ತಲೆಗೆ ಕಟ್ಟುವುದು. ಮತೀಯ ಹಿಂಸೆಯ ಗುಟ್ಟೆಲ್ಲ ಇಲ್ಲಿದೆ ಎಂದು ನನ್ನ ನಂಬಿಕೆ. ಇದನ್ನು ಮೊದಲು ನಮ್ಮ ಮಣ್ಣಿನಲ್ಲೇ ನಡೆದ ಒಂದು ಕತೆಯಿಂದ ತೋರಿಸುತ್ತೇನೆ.

೧೭೮೨ರ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡನು. ಇಂಗ್ಲಿಷ್ ಕಂಪನಿಯೊಡನೆ ಯುದ್ಧ ನಡೆಯುತ್ತಿದ್ದ ಕಾಲ ಅದು. ಮರುವರ್ಷದ ಮೊದಲಲ್ಲೇ ಕಂಪನಿಯ ಸೇನಾನಿ ಜನರಲ್ ಮ್ಯಾಥ್ಯೂಸ್ ಬಿದನೂರನ್ನು ಹಿಡಿದನು. ಮಂಗಳೂರೂ ಕಂಪನಿಯ ಕೈಗೆ ಹೋಯಿತು. ಟಿಪ್ಪು ಬಿದನೂರನ್ನು ಮರಳಿ ಗೆದ್ದು ಮಂಗಳೂರಿಗೆ ಮುತ್ತಿಗೆ ಹಾಕಿದನು. ತಿಂಗಳುಗಟ್ಟಲೆ ಮುತ್ತಿಗೆಯಾದ ಮೇಲೆ ೧೭೮೪ರ ಜನವರಿಯಲ್ಲಿ ಕೋಟೆ ಅವನ ವಶವಾಯಿತು. ಈ ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಕಂಪನಿಗೆ ಹಣವನ್ನೂ ನೆರವನ್ನೂ ಕೊಟ್ಟರೆಂಬ ಆರೋಪ ಬಂದಿತು. ಕೆಲವರು ಕೊಟ್ಟಿರಬಹುದು. ಯುದ್ಧಕಾಲದಲ್ಲಿ ಹಾಗೆ ಮಾಡಿದವರನ್ನು ಯಾವ ದೊರೆಯೂ ಸುಮ್ಮನೆ ಬಿಡುವುದಿಲ್ಲ. ಅಪರಾಧಿಗಳನ್ನು ಹುಡುಕಿ, ವಿಚಾರಣೆ ಮಾಡಿ, ದಂಡಿಸಿದ್ದರೆ ಇಂದು ನಾನು ಆ ಕತೆ ಹೇಳಬೇಕಾಗಿರಲಿಲ್ಲ.

ನಡೆದದ್ದು ಬೇರೆ. ಅದೇ ಫೆಬ್ರವರಿಯ ಕೊನೆಯಲ್ಲಿ, ಕ್ರೈಸ್ತರ ವಿಭೂತಿ ಬುಧವಾರದ ಸುಮಾರಿಗೆ, ಕೆನರಾ ಸೀಮೆಯ ಕ್ರೈಸ್ತರನ್ನು ಹಿಂಡುಹಿಂಡಾಗಿ ಸೆರೆ ಹಿಡಿದರು. ಗಂಡಸರು, ಹೆಂಗಸರು, ಹಸುಗೂಸುಗಳು, ಮುದುಕರು ಎಂಬ ಭೇದವಿಲ್ಲ. ಸೆರೆಯಾದವರು ೩೦,೦೦೦ ಎಂದು ಕೆಲವರು, ೬೦,೦೦೦ ಎಂದು ಇನ್ನು ಕೆಲವರು ಬರೆದಿದ್ದಾರೆ. ಅವರ ಭೂಮಿಕಾಣಿ ಜಪ್ತಿಯಾಯಿತು, ಚರ್ಚುಗಳನ್ನು ಕೆಡವಿದರು. ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರೆಷ್ಟೋ, ಅಲ್ಲಿ ರೋಗರುಜಿನಗಳಿಗೆ ತುತ್ತಾದವರೆಷ್ಟೋ. ಅನೇಕರನ್ನು ಬಲವಂತವಾಗಿ ಮತಾಂತರ ಮಾಡಿದರು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆಯೇ ಉಳಿದವರಿಗೆ ಬಿಡುಗಡೆ. ಹದಿನೈದು ವರ್ಷ! ಸೆರೆ ಹೋದಾಗ ತೊಟ್ಟಿಲಲ್ಲಿದ್ದ ಮಗು ಹೊರಬರುವಾಗ ಮೀಸೆ ಬಂದ ಹುಡುಗ. ಆ ಮಗು ಜನರಲ್ ಮ್ಯಾಥ್ಯೂಸನಿಗೆ ಎಷ್ಟು ವರಹ ಸಾಲ ಕೊಟ್ಟಿತ್ತು, ಯಾರಾದರೂ ಹೇಳಬಲ್ಲಿರಾ?

ಈ ಕತೆಯ ಒಂದು ಎಳೆ ನಮ್ಮ ಹಾಸನಕ್ಕೂ ಬಂದು ಸೇರುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ ಅಲ್ಲಿಗೆ ಬಂದನು. ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದನು. ಭೂಮಿ ಹೋದವರಿಗೆ ಮತ್ತೆ ಭೂಮಿಯೇ ಬೇಕೆಂದು ತಿಳಿದು ಬೇಸಾಯದ ನೆಲೆಗಳನ್ನು ಕಟ್ಟಿದನು. ಹಾಸನದ ಬಳಿಯ ಸತ್ತಿಹಳ್ಳಿ ಅವನು ಕೆಲಸ ಮಾಡಿದ ಊರು. ಅದೇ ಪಾದ್ರಿ ೧೮೦೩-೦೪ರಲ್ಲಿ ಮೈಸೂರು ಸೀಮೆಯಲ್ಲಿ ೨೫,೦೦೦ಕ್ಕೂ ಹೆಚ್ಚು ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದನೆಂದು ದಾಖಲೆಯಿದೆ. ಸಿಡುಬಮ್ಮನಿಗೆ ಜಾತಿಮತದ ಭೇದವಿಲ್ಲ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಲಸಿಕೆಗೂ ಇರಲಿಲ್ಲ.

ಈಗ ಕೆಲವರು ಎದ್ದು ನಿಂತು, “ನೋಡಿದಿರಾ, ಟಿಪ್ಪು ಮುಸಲ್ಮಾನ, ಅದಕ್ಕೇ ಹೀಗೆ ಮಾಡಿದ” ಎಂದಾರು. ಸ್ವಲ್ಪ ತಡೆಯಿರಿ. ೧೭೯೧ರಲ್ಲಿ ಮರಾಠರ ದಂಡು ಶೃಂಗೇರಿ ಮಠಕ್ಕೆ ನುಗ್ಗಿ ಲೂಟಿ ಮಾಡಿತು. ಲೂಟಿ ಮಾಡಿದವರು ಹಿಂದೂ ದೊರೆಗಳ ಸೈನಿಕರು. ಮಠದ ಸ್ವಾಮಿಗಳು ಯಾರಿಗೆ ಬರೆದರು? ಟಿಪ್ಪುವಿಗೆ. ಶಾರದಾ ದೇವಿಯ ಮರುಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಯನ್ನೂ ಕಳುಹಿಸಿದವನು ಟಿಪ್ಪು. ಆ ಪತ್ರಗಳನ್ನು ೧೯೧೬ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಹಾಗಾದರೆ ಯಾವ ಟಿಪ್ಪು ನಿಜ? ಎರಡೂ ನಿಜ. ಶತ್ರುವಿನ ಕಡೆಯವರೆಂದು ಕಂಡವರನ್ನು ಅವನು ಮಕ್ಕಳುಮರಿ ಸಮೇತ ತುಳಿದನು. ತನ್ನ ಕಡೆಯವರೆಂದು ಕಂಡವರನ್ನು ಕಾಪಾಡಿದನು. ಸಿಂಹಾಸನದ ಲೆಕ್ಕಾಚಾರ ಮೊದಲು ಬಂದಿತು, ಮತ ಅದರ ಕೈಗೆ ಆಯುಧವಾಗಿ ಒದಗಿತು.

ನಮ್ಮ ಕಡೆಯವರೂ ಒಂದು ತಪ್ಪು ಮಾಡುತ್ತಾರೆ, ಅದನ್ನು ಮುಚ್ಚಿಡಬಾರದು. ಮುಸಲ್ಮಾನ ಮಿತ್ರರಿಗೆ ನೋವಾದೀತೆಂದು ಕ್ರೈಸ್ತರ ಸೆರೆಯ ಕತೆಯನ್ನೇ ಹೇಳದೆ ಬಿಡುವುದು, ಅಥವಾ “ಅದೆಲ್ಲ ಇಂಗ್ಲಿಷರು ಕಟ್ಟಿದ ಸುಳ್ಳು” ಎಂದು ತಳ್ಳಿಹಾಕುವುದು. ಇದು ಸರಿಯಲ್ಲ. ಆದ ಅನ್ಯಾಯವನ್ನು ಆಯಿತೆಂದು ಹೇಳಬೇಕು. ಮಾಡಿದವನ ಹೆಸರು ಹೇಳಬೇಕು. ನಾವು ಹೇಳದಿದ್ದರೆ ಅದನ್ನು ಬೇರೆಯವರು ಹೇಳುತ್ತಾರೆ, ಮತ್ತು ಹೇಳುವಾಗ ಖಾತೆ ಬದಲಾಯಿಸಿ ಹೇಳುತ್ತಾರೆ. ೨೦೧೫ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿತು. ಆ ನವೆಂಬರ್ ೧೦ರಂದು ಮಡಿಕೇರಿಯಲ್ಲಿ ಗಲಭೆಯಾಗಿ ಪ್ರಾಣ ಹೋಯಿತು. ೨೦೧೯ರ ಜುಲೈನಲ್ಲಿ ಬಂದ ಸರ್ಕಾರ ಜಯಂತಿಯನ್ನು ರದ್ದು ಮಾಡಿತು. ಒಬ್ಬರಿಗೆ ಮಾಡಿದ್ದರಿಂದ ಲಾಭ, ಇನ್ನೊಬ್ಬರಿಗೆ ರದ್ದು ಮಾಡಿದ್ದರಿಂದ ಲಾಭ. ಸೆರೆಯಲ್ಲಿ ಸತ್ತವರ ಬಗ್ಗೆ ಕಣ್ಣೀರು ಸುರಿಸಿದವರು ಇಬ್ಬರಲ್ಲಿ ಯಾರು? ೧೭೮೪ರಲ್ಲಿ ಆದದ್ದಕ್ಕೆ ಇಂದು ಹಾಸನದಲ್ಲಿ ಸೈಕಲ್ಲಿಗೆ ಪಂಚರು ಹಾಕುವ ಸಾಬರು ಉತ್ತರ ಹೇಳಬೇಕು ಎನ್ನುವವರು, ಟಿಪ್ಪು ಮಾಡಿದ ತಪ್ಪನ್ನೇ ಮಾಡುತ್ತಿದ್ದಾರೆ. ಅವನೂ ಕೆಲವರ ಸಾಲವನ್ನು ಎಲ್ಲರ ಖಾತೆಗೆ ಬರೆದನು. ಇವರೂ ಹಾಗೆಯೇ ಬರೆಯುತ್ತಿದ್ದಾರೆ.

ಈಗ ಇದೇ ಖಾತೆ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ನೈಜೀರಿಯಕ್ಕೆ ಹೋಗೋಣ.

ಆ ದೇಶದ ಉತ್ತರದಲ್ಲಿ ಮುಸಲ್ಮಾನರು ಹೆಚ್ಚು. ದಕ್ಷಿಣದಲ್ಲಿ, ಅದರಲ್ಲೂ ಪೂರ್ವದ ಕಡೆ, ಕ್ರೈಸ್ತರು ಹೆಚ್ಚು. ನಡುವಣ ಪಟ್ಟಿಯಲ್ಲಿ ಇಬ್ಬರೂ ಬೆರೆತಿದ್ದಾರೆ. ಇವೆರಡೂ ಬೇರೆ ಬೇರೆ ಸೀಮೆಗಳಾಗಿದ್ದವು. ೧೯೧೪ರಲ್ಲಿ ಬ್ರಿಟಿಷರು ತಮ್ಮ ಆಡಳಿತದ ಅನುಕೂಲಕ್ಕಾಗಿ ಅವನ್ನು ಒಂದಾಗಿ ಹೊಲಿದರು. ಹೊಲಿದರೇ ಹೊರತು ಒಂದೇ ಬಟ್ಟೆ ಮಾಡಲಿಲ್ಲ. ಉತ್ತರದಲ್ಲಿ ಎಮೀರರೆಂಬ ಅರಸರನ್ನು ಹಾಗೆಯೇ ಉಳಿಸಿ ಅವರ ಮೂಲಕ ಆಳಿದರು. ಎಮೀರರಿಗೆ ಬೇಸರವಾಗದಂತೆ ಪಾದ್ರಿಗಳ ಶಾಲೆಗಳನ್ನು ಅಲ್ಲಿಂದ ದೂರ ಇರಿಸಿದರು. ದಕ್ಷಿಣದಲ್ಲಿ ಶಾಲೆಗಳು ಬೆಳೆದವು. ಫಲವೇನಾಯಿತು? ಗುಮಾಸ್ತನ ಕೆಲಸ, ರೈಲ್ವೆಯ ಕೆಲಸ, ಅಂಚೆ ಕಚೇರಿಯ ಕೆಲಸ ದಕ್ಷಿಣದವರ ಪಾಲಾಯಿತು. ಇಗ್ಬೋ ಜನ ವ್ಯಾಪಾರಕ್ಕೂ ನೌಕರಿಗೂ ಉತ್ತರದ ಪಟ್ಟಣಗಳಿಗೆ ಹೋಗಿ ಊರ ಹೊರಗಿನ ಹೊಸ ಬೀದಿಗಳಲ್ಲಿ ನೆಲೆಸಿದರು. ಉತ್ತರದ ಬಡ ಮುಸಲ್ಮಾನನಿಗೆ ಕ್ರೈಸ್ತ ಎಂದರೆ ತನಗೆ ಸಿಗದ ಕುರ್ಚಿಯಲ್ಲಿ ಕೂತವನು. ಆ ಕ್ರೈಸ್ತನಿಗೆ ಮುಸಲ್ಮಾನ ಎಂದರೆ ಎಮೀರನ ದಂಡು. ಈ ಭಾವನೆಯನ್ನು ಯಾವ ಧರ್ಮಗ್ರಂಥವೂ ಕಲಿಸಲಿಲ್ಲ. ಕಂಪನಿ ಸರ್ಕಾರದಿಂದ ನಾವು ಚೆನ್ನಾಗಿ ಬಲ್ಲ ಹಳೆಯ ಯುಕ್ತಿ ಅದು.

೧೯೬೦ರ ಅಕ್ಟೋಬರ್ ೧ರಂದು ಸ್ವಾತಂತ್ರ್ಯ ಬಂದಿತು. ಕಾರ್ಮಿಕ ಮಿತ್ರರು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ೧೯೬೪ರ ಜೂನ್ ತಿಂಗಳಲ್ಲಿ ನೈಜೀರಿಯದ ಕಾರ್ಮಿಕರು ಕೂಲಿಗಾಗಿ ಸಾರ್ವತ್ರಿಕ ಮುಷ್ಕರ ಹೂಡಿದರು. ಉತ್ತರದವನು, ದಕ್ಷಿಣದವನು, ಮುಸಲ್ಮಾನ, ಕ್ರೈಸ್ತ ಎಂಬ ಭೇದವಿಲ್ಲದೆ ಸುಮಾರು ಎರಡು ವಾರ ದೇಶ ನಿಂತಿತು, ಸರ್ಕಾರ ಬಗ್ಗಲೇಬೇಕಾಯಿತು. ಅಂಥ ಒಗ್ಗಟ್ಟು! ಅದಾಗಿ ಎರಡು ವರ್ಷವೂ ತುಂಬಲಿಲ್ಲ.

೧೯೬೬ರ ಜನವರಿ ೧೫ರಂದು ಕೆಲವು ಯುವ ಸೇನಾಧಿಕಾರಿಗಳು ಕ್ಷಿಪ್ರಕ್ರಾಂತಿ ಮಾಡಿ ಪ್ರಧಾನಿ ತಫಾವ ಬಲೇವ, ಉತ್ತರದ ಮುಖ್ಯಮಂತ್ರಿ ಅಹ್ಮದು ಬೆಲ್ಲೊ ಮೊದಲಾದವರನ್ನು ಕೊಂದರು. ಆ ಅಧಿಕಾರಿಗಳಲ್ಲಿ ಹೆಚ್ಚಿನವರು ಇಗ್ಬೋ ಜನ. ಕೆಲವೇ ಮಂದಿ ಮೇಜರುಗಳು ಮಾಡಿದ ಕೆಲಸ. ಅದರ ಸಾಲವನ್ನು ಯಾರ ಖಾತೆಗೆ ಬರೆದರು? ಉತ್ತರದ ಪಟ್ಟಣಗಳಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಇಗ್ಬೋ, ರೈಲ್ವೆಯಲ್ಲಿ ದುಡಿಯುತ್ತಿದ್ದ ಇಗ್ಬೋ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಇಗ್ಬೋ, ಎಲ್ಲರ ಖಾತೆಗೆ. ಅದೇ ವರ್ಷ ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಾವಿರಾರು ಜನರನ್ನು ಕೊಂದರು. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಮನೆಮಾರು ಬಿಟ್ಟು ಪೂರ್ವಕ್ಕೆ ಓಡಿದರು. ೧೯೬೭ರ ಮೇ ೩೦ರಂದು ಪೂರ್ವಭಾಗ ಬಯಾಫ್ರಾ ಎಂಬ ಬೇರೆ ದೇಶವಾಗಿ ಘೋಷಿಸಿಕೊಂಡಿತು. ೧೯೭೦ರ ಜನವರಿಯವರೆಗೆ ಯುದ್ಧ. ಸತ್ತವರು ಹತ್ತು ಲಕ್ಷದಿಂದ ಮೂವತ್ತು ಲಕ್ಷವೆಂದು ಅಂದಾಜು. ಹೆಚ್ಚಿನವರು ಗುಂಡಿನಿಂದ ಸಾಯಲಿಲ್ಲ, ಹಸಿವಿನಿಂದ ಸತ್ತರು. ಈ ಯುದ್ಧವನ್ನು ಬರಿಯ ಮುಸಲ್ಮಾನ-ಕ್ರೈಸ್ತ ಯುದ್ಧವೆನ್ನುವವರು ಒಂದು ಮಾತನ್ನು ಮರೆಯುತ್ತಾರೆ: ಬಯಾಫ್ರಾದ ಮೇಲೆ ದಂಡೆತ್ತಿಹೋದ ಸರ್ಕಾರದ ಮುಖ್ಯಸ್ಥ ಗೋವನ್ ಸ್ವತಃ ಕ್ರೈಸ್ತನಾಗಿದ್ದನು. ಪೂರ್ವದ ನೆಲದಡಿ ಎಣ್ಣೆಯಿತ್ತು ಎಂಬುದನ್ನೂ ಅವರು ಮರೆಯುತ್ತಾರೆ.

ಅಲ್ಲಿಂದ ಮುಂದೆ ಬನ್ನಿ. ೧೯೯೯ರಲ್ಲಿ ಸೇನೆಯ ಆಡಳಿತ ಮುಗಿದು ಚುನಾಯಿತ ಸರ್ಕಾರ ಬಂದಿತು. ಓಟು ಬಂದ ಕೂಡಲೆ ಓಟಿನ ಸರಕೂ ಬಂದಿತು. ಆ ವರ್ಷವೇ ಜಂಫಾರಾ ರಾಜ್ಯದ ಗವರ್ನರ್ ಅಹ್ಮದ್ ಸಾನಿ ಯೆರೀಮ, ಕ್ರಿಮಿನಲ್ ವ್ಯವಹಾರಕ್ಕೂ ಷರಿಯಾ ಕಾನೂನನ್ನು ಜಾರಿ ಮಾಡುವುದಾಗಿ ಸಾರಿದನು. ಜನ ಜಯಕಾರ ಹಾಕಿದರು; ಲಂಚಕೋರರಿಗೆ ಇನ್ನು ಉಳಿಗಾಲವಿಲ್ಲ ಎಂದು ಬಡವರು ನಿಜವಾಗಿಯೂ ನಂಬಿದರು. ಅದನ್ನು ಕಂಡು ಉತ್ತರದ ಒಟ್ಟು ೧೨ ರಾಜ್ಯಗಳು ಅದೇ ಹಾದಿ ಹಿಡಿದವು. ೨೦೦೦ದಲ್ಲಿ ಜಂಫಾರಾದಲ್ಲಿ ದನ ಕದ್ದ ಒಬ್ಬನ ಕೈ ಕತ್ತರಿಸಿದರು. ಬೊಕ್ಕಸ ಕದ್ದವರ ಕೈಗಳು ಹಾಗೆಯೇ ಉಳಿದವು. ಗವರ್ನರ್ ಸಾಹೇಬರು ಮುಂದೆ ಸೆನೆಟ್ ಸದಸ್ಯರಾದರು.

ಕಡೂನಾ ರಾಜ್ಯದಲ್ಲಿ ಎರಡು ಮತದವರೂ ಸರಿಸುಮಾರು ಸಮವಾಗಿದ್ದಾರೆ. ೨೦೦೦ದ ಫೆಬ್ರವರಿಯಲ್ಲಿ ಅಲ್ಲಿಯ ಕ್ರೈಸ್ತರು ಷರಿಯಾ ಬೇಡವೆಂದು ಮೆರವಣಿಗೆ ಹೊರಟರು. ಗಲಭೆ ಹೊತ್ತಿತು, ಫೆಬ್ರವರಿ ಮತ್ತು ಮೇ ತಿಂಗಳ ಗಲಭೆಗಳಲ್ಲಿ ಸತ್ತವರು ೨,೦೦೦ಕ್ಕೂ ಮಿಗಿಲೆಂದು ಅಂದಾಜು. ಕಡೂನಾದಲ್ಲಿ ಸತ್ತ ಇಗ್ಬೋ ಜನರ ಶವಗಳು ದಕ್ಷಿಣದ ಆಬಾ ಪಟ್ಟಣಕ್ಕೆ ಬಂದವು. ಅವನ್ನು ಕಂಡ ಜನ ಏನು ಮಾಡಿದರು? ಆಬಾದಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಉತ್ತರದ ಹೌಸಾ ಮುಸಲ್ಮಾನರನ್ನು ನೂರಾರು ಸಂಖ್ಯೆಯಲ್ಲಿ ಕೊಂದರು. ಆ ವ್ಯಾಪಾರಿಗಳು ಕಡೂನಾದ ಗಲಭೆಯಲ್ಲಿ ಇರಲೇ ಇಲ್ಲ. ನೋಡಿ, ಖಾತೆಯ ತಪ್ಪಿಗೆ ಮತವಿಲ್ಲ; ಮುಸಲ್ಮಾನ ಗುಂಪೂ ಮಾಡುತ್ತದೆ, ಕ್ರೈಸ್ತ ಗುಂಪೂ ಮಾಡುತ್ತದೆ.

ಇನ್ನೊಂದು ಊರು ಜೋಸ್. ೨೦೦೧ರ ಸೆಪ್ಟೆಂಬರಿನಲ್ಲಿ ಅಲ್ಲಿ ಸುಮಾರು ೧,೦೦೦ ಜನ ಸತ್ತರು. ಜಗಳಕ್ಕೆ ಕಿಡಿ ಹತ್ತಿದ್ದು ಎಲ್ಲಿ ಎಂದರೆ ನೀವು ನಂಬಲಾರಿರಿ. ಬಡತನ ನಿವಾರಣೆಯ ಸರ್ಕಾರಿ ಯೋಜನೆಗೆ ಸ್ಥಳೀಯ ಮೇಲ್ವಿಚಾರಕನನ್ನು ನೇಮಿಸಿದರು, ಅವನು ಮುಸಲ್ಮಾನ. ಅದಕ್ಕೆ ಕ್ರೈಸ್ತರ ವಿರೋಧ. ಬಡವರಿಬ್ಬರು ಬಡತನ ನಿವಾರಣೆಯ ಕುರ್ಚಿಗಾಗಿ ಒಬ್ಬರನ್ನೊಬ್ಬರು ಕೊಂದರು. ಇದರ ಬೇರು ಇನ್ನೂ ಕೆಳಗಿದೆ. ಆ ದೇಶದಲ್ಲಿ ಮೂಲನಿವಾಸಿ ಎಂಬ ಸರ್ಟಿಫಿಕೇಟ್ ಕೊಡುತ್ತಾರೆ. ಅದಿದ್ದರೆ ಸರ್ಕಾರಿ ನೌಕರಿ, ಕಾಲೇಜಿನ ಸೀಟು, ವಿದ್ಯಾರ್ಥಿವೇತನ. ಜೋಸಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದರೂ ಹೌಸಾ ಮುಸಲ್ಮಾನನಿಗೆ ಅದು ಸಿಗುವುದು ಕಷ್ಟ. ಉತ್ತರದ ಬೇರೆ ಊರುಗಳಲ್ಲಿ ಕ್ರೈಸ್ತನಿಗೆ ಅದೇ ಕಷ್ಟ. ತಾಲ್ಲೂಕು ಕಚೇರಿಯ ಮುಂದೆ ಒಂದು ಕಾಗದಕ್ಕಾಗಿ ದಿನಗಟ್ಟಲೆ ನಿಂತ ಅನುಭವ ನಮಗಿಲ್ಲವೇ? ಆ ಕಾಗದದ ಮೇಲೆ ಮತದ ನೆರಳು ಬಿದ್ದರೆ ಏನಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಿ.

“ಮತದ ಪಾಲೇನೂ ಇಲ್ಲವೇ?” ಎಂದು ಕೇಳುವಿರಿ. ಇದೆ. ಬೋಕೊ ಹರಾಮ್ ಎಂಬ ಗುಂಪು ೨೦೧೪ರ ಏಪ್ರಿಲಿನಲ್ಲಿ ಚಿಬೋಕ್ ಶಾಲೆಯಿಂದ ೨೭೬ ಹೆಣ್ಣುಮಕ್ಕಳನ್ನು ಹೊತ್ತೊಯ್ದಿತು. ಅದು ದೇವರ ಹೆಸರಿನಲ್ಲಿಯೇ ಮಾಡಿದ ಕೆಲಸ. ಹಾಗೆ ಮಾಡುವವರು ತಮ್ಮ ನಂಬಿಕೆಯನ್ನು ನಿಜವಾಗಿಯೂ ನಂಬಿರಬಹುದು. ಎಲ್ಲವನ್ನೂ ಕೂಲಿ ದರದಿಂದ ವಿವರಿಸಿಬಿಡಬಹುದು ಎಂದು ನಾನು ಹೇಳಲಾರೆ. ಆದರೆ ಅದೇ ವರ್ಷ ನವೆಂಬರ್ ೨೮ರಂದು ಕಾನೋ ನಗರದ ದೊಡ್ಡ ಮಸೀದಿಯಲ್ಲಿ ಶುಕ್ರವಾರದ ನಮಾಜಿಗೆ ಸೇರಿದ್ದವರ ಮೇಲೆ ಬಾಂಬು ಸಿಡಿಯಿತು. ಸತ್ತವರು ನೂರಕ್ಕೂ ಹೆಚ್ಚು. ಸತ್ತವರೆಲ್ಲ ಯಾರು? ಮುಸಲ್ಮಾನರು. ಆ ಗುಂಪಿನ ಕೃತ್ಯವನ್ನು ಮುಸಲ್ಮಾನರ ಖಾತೆಗೆ ಬರೆಯುವವರು, ಆ ಮಸೀದಿಯಲ್ಲಿ ಸತ್ತವರ ಹೆಸರನ್ನು ಯಾವ ಪುಟದಲ್ಲಿ ಬರೆಯುತ್ತಾರೆ?

“ಜಗಳವೇ ಬೇಡ, ಅಧಿಕಾರವನ್ನು ಮತವಾರು ಪಾಲು ಹಾಕಿಕೊಟ್ಟರಾಯಿತು” ಎಂದು ಬುದ್ಧಿವಂತರು ಹೇಳುವುದುಂಟು. ಅದನ್ನೂ ಒಂದು ದೇಶ ಮಾಡಿ ನೋಡಿದೆ. ಅದು ಲೆಬನಾನ್. ೧೯೪೩ರ ಒಪ್ಪಂದದಂತೆ ಅಲ್ಲಿ ರಾಷ್ಟ್ರಾಧ್ಯಕ್ಷ ಮರೋನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ ಮುಸಲ್ಮಾನ, ಸಭಾಪತಿ ಷಿಯಾ ಮುಸಲ್ಮಾನ. ಶಾಸನಸಭೆಯಲ್ಲಿ ಕ್ರೈಸ್ತರಿಗೆ ಆರು ಸ್ಥಾನವಾದರೆ ಮುಸಲ್ಮಾನರಿಗೆ ಐದು. ಈ ಪಾಲಿಗೆ ಆಧಾರ ೧೯೩೨ರ ಜನಗಣತಿ. ಆ ಮೇಲೆ ಅಲ್ಲಿ ಅಂಥ ಗಣತಿಯನ್ನೇ ಮಾಡಲಿಲ್ಲ; ಎಣಿಸಿದರೆ ಪಾಲು ಬದಲಾದೀತೆಂಬ ಭಯ! ೧೯೭೫ರ ಏಪ್ರಿಲ್ ೧೩ರಂದು ಬೈರೂತಿನಲ್ಲಿ ಒಂದು ಚರ್ಚಿನ ಮುಂದೆ ಗುಂಡು ಹಾರಿತು. ಅದೇ ದಿನ ಆ ಬೀದಿಯಲ್ಲಿ ಬಂದ ಒಂದು ಬಸ್ಸಿನಲ್ಲಿದ್ದ ಪ್ಯಾಲೆಸ್ಟೀನಿಯನ್ನರ ಮೇಲೆ ಗುಂಡಿನ ಮಳೆ ಸುರಿಯಿತು. ಮತ್ತೆ ಅದೇ ಖಾತೆಯ ತಪ್ಪು. ಹದಿನೈದು ವರ್ಷ ಯುದ್ಧ ನಡೆಯಿತು. ಸುಮಾರು ಒಂದೂವರೆ ಲಕ್ಷ ಜನ ಸತ್ತರೆಂದು ಅಂದಾಜು. ೧೯೮೯ರ ತಾಯಿಫ್ ಒಪ್ಪಂದದಲ್ಲಿ ಪಾಲು ಸಮ ಮಾಡಿದರು. ಪಾಲು ಮಾಡುವ ಪದ್ಧತಿಯನ್ನು ಮಾತ್ರ ಬಿಡಲಿಲ್ಲ. ೧೯೯೧ರಲ್ಲಿ ಕ್ಷಮಾದಾನದ ಕಾನೂನು ತಂದರು. ಪಡೆ ಕಟ್ಟಿ ಕೊಲ್ಲಿಸಿದ ನಾಯಕರು ಮಂತ್ರಿಗಳಾದರು. ಅಂದರೆ ನಿಜವಾದ ಸಾಲಗಾರರ ಸಾಲ ಮನ್ನಾ. ಸಾಲ ಮಾಡದವರು ಪ್ರಾಣ ಕೊಟ್ಟು ತೀರಿಸಿ ಆಗಿತ್ತು.

ಸಂಗಾತಿಗಳೇ, ಈಗ ೧೯೬೪ರ ಮುಷ್ಕರಕ್ಕೆ ಹಿಂತಿರುಗೋಣ. ನಮ್ಮ ವೇದಿಕೆಗಳ ಮೇಲೆ ಒಂದು ಮಾತು ಯಾವಾಗಲೂ ಕೇಳಿಬರುತ್ತದೆ: ಕೂಲಿಗಾಗಿ ಒಟ್ಟಿಗೆ ಹೋರಾಡಿದರೆ ಮತಭೇದ ತಾನಾಗಿ ಅಳಿಯುತ್ತದೆ ಎಂದು. ನಾನೂ ಹಾಗೆ ಹೇಳಿದ್ದೇನೆ. ನೈಜೀರಿಯದ ಕತೆ ನನಗೆ ಕಲಿಸಿದ್ದು, ಅದು ಅರ್ಧ ಸತ್ಯ ಎಂದು. ಅಷ್ಟು ದೊಡ್ಡ ಒಗ್ಗಟ್ಟು ಎರಡು ವರ್ಷದ ಮೇಲಿನ ಹತ್ಯಾಕಾಂಡವನ್ನು ತಡೆಯಲಿಲ್ಲ. ಗಿರಣಿಯ ಗೇಟಿನಲ್ಲಿ ಒಟ್ಟಿಗೆ ನಿಂತವರು ಸಂಜೆ ತಮ್ಮ ತಮ್ಮ ಬೀದಿಗಳಿಗೆ ಹೋದರು. ಗುಂಪು ಬಂದದ್ದು ಬೀದಿಗೆ. ಬೋನಸ್ಸಿಗೆ ಒಂದಾಗುವುದು ಸುಲಭ. ಪಕ್ಕದ ಮನೆಯವನ ಬಾಗಿಲಿಗೆ ಗುಂಪು ಬಂದಾಗ ಅವನ ಹೊಸ್ತಿಲ ಮುಂದೆ ನಿಲ್ಲುವುದು ಕಷ್ಟ. ಅದು ತಾನಾಗಿ ಬರುವುದಿಲ್ಲ, ಮುಂಚೆಯೇ ನಿಶ್ಚಯಿಸಿಕೊಂಡಿರಬೇಕು.

ಹಾಗೆ ನಿಂತವರೂ ಅದೇ ದೇಶದಲ್ಲಿದ್ದಾರೆ. ೨೦೧೮ರ ಜೂನ್‌ನಲ್ಲಿ ಜೋಸಿನ ಹತ್ತಿರದ ಹಳ್ಳಿಗಳ ಮೇಲೆ ದಾಳಿಯಾದಾಗ, ಇಮಾಮ್ ಅಬ್ದುಲ್ಲಾಹಿ ಅಬೂಬಕರ್ ಎಂಬ ವೃದ್ಧರು ಓಡಿಬಂದ ೨೬೨ ಕ್ರೈಸ್ತರನ್ನು ತಮ್ಮ ಮನೆಯಲ್ಲೂ ಮಸೀದಿಯಲ್ಲೂ ಅಡಗಿಸಿ, ಬಂದೂಕು ಹಿಡಿದು ಬಂದವರ ಮುಂದೆ ನಿಂತು ಬೇಡಿಕೊಂಡು ಅವರ ಪ್ರಾಣ ಉಳಿಸಿದರು. ಕಡೂನಾದಲ್ಲಿ ಪಾಸ್ಟರ್ ಜೇಮ್ಸ್ ವುಯೆ ಮತ್ತು ಇಮಾಮ್ ಮುಹಮ್ಮದ್ ಅಷಾಫಾ ಇಬ್ಬರೂ ಒಂದು ಕಾಲಕ್ಕೆ ಎದುರು ಬದುರು ಪಡೆಗಳಲ್ಲಿದ್ದವರು. ೧೯೯೨ರ ಗಲಭೆಯಲ್ಲಿ ಪಾಸ್ಟರು ತನ್ನ ಬಲಗೈ ಕಳೆದುಕೊಂಡನು. ಇಮಾಮ್ ತನ್ನ ಗುರುವನ್ನೂ ಬಂಧುಗಳನ್ನೂ ಕಳೆದುಕೊಂಡನು. ೧೯೯೫ರಿಂದ ಅವರಿಬ್ಬರೂ ಸೇರಿ ಊರೂರು ತಿರುಗಿ ಶಾಂತಿಯ ಕೆಲಸ ಮಾಡಿದರು. ಅವರಿಬ್ಬರಿಗೂ ಸಾಲ ವಸೂಲಿಗೆ ಕಾರಣವಿತ್ತು. ಖಾತೆ ಯಾರದೆಂದು ನೋಡಿ ಪುಸ್ತಕ ಮುಚ್ಚಿದರು.

ಇನ್ನು ನಮ್ಮ ಮನೆಯ ಕಡೆ ತಿರುಗೋಣ. ೨೦೦೮ರ ಸೆಪ್ಟೆಂಬರ್ ೧೪ರಂದು ಮಂಗಳೂರು ಮತ್ತಿತರ ಕಡೆ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾಯಿತು. ಆರೋಪ ಇದ್ದದ್ದು ಮತಾಂತರ ಮಾಡುತ್ತದೆನ್ನಲಾದ ಒಂದು ಪಂಗಡದ ಮೇಲೆ. ಏಟು ಬಿದ್ದದ್ದು ಕೆಥೋಲಿಕ್ ಸನ್ಯಾಸಿನಿಯರ ಆರಾಧನಾಲಯಕ್ಕೂ. ೧೭೮೪ರಲ್ಲಿ ಅದೇ ಕರಾವಳಿಯಲ್ಲಿ ಮುಸಲ್ಮಾನ ದೊರೆ ಮಾಡಿದ ಖಾತೆಯ ತಪ್ಪನ್ನು ೨೨೪ ವರ್ಷದ ಮೇಲೆ ಹಿಂದೂ ಹೆಸರಿನ ಗುಂಪು ಮಾಡಿತು.

೨೦೨೨ರ ಮಾರ್ಚಿನಲ್ಲಿ ನಮ್ಮ ರಾಜ್ಯದ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಬಾರದೆಂಬ ಕೂಗೆದ್ದಿತು. ೨೦೦೨ರ ಮುಜರಾಯಿ ನಿಯಮವೊಂದನ್ನು ಅದಕ್ಕೆ ಆಸರೆಯಾಗಿ ತೋರಿಸಿದರು. ಬಳೆ, ಬತ್ತಾಸು, ಬಲೂನು ಮಾರುವವನ ಮೇಲೆ ಈ ಕೂಗು! ವರ್ಷಕ್ಕೆ ನಾಲ್ಕು ಜಾತ್ರೆಯಲ್ಲಿ ಸಂಪಾದಿಸಿ ಮಳೆಗಾಲ ಕಳೆಯುವವನು ಯಾರಿಗೆ ಏನು ಮಾಡಿದ್ದ? ಆದರೆ ನಮ್ಮ ಜಿಲ್ಲೆ ಆ ವರ್ಷ ತಲೆಯೆತ್ತುವಂಥ ಕೆಲಸವನ್ನೂ ಮಾಡಿತು. ಬೇಲೂರಿನ ಚನ್ನಕೇಶವಸ್ವಾಮಿಯ ತೇರಿನ ದಿನ ಖಾಜಿಯವರು ಕುರಾನಿನ ವಾಕ್ಯ ಓದುವ ಪದ್ಧತಿ ಹಿಂದಿನಿಂದ ಬಂದದ್ದು. ೨೦೨೨ರ ಏಪ್ರಿಲಿನಲ್ಲಿ, ಅಷ್ಟು ಗದ್ದಲದ ನಡುವೆಯೂ, ಅದು ನಡೆಯಿತು, ತೇರೂ ಹೊರಟಿತು. ೨೦೨೩ರಲ್ಲಿ ಅದನ್ನು ನಿಲ್ಲಿಸಬೇಕೆಂದು ಪ್ರತಿಭಟನೆಯಾಯಿತು. ಅಷ್ಟು ಹಳೆಯ ಸಲಿಗೆಗೂ ಕಾವಲು ಬೇಕಾದ ಕಾಲ ಬಂದಿದೆ ಎಂಬುದನ್ನು ಮರೆಯಬೇಡಿ.

ಹಾಗಾದರೆ ಮಾಡುವುದೇನು? ಮೂರು ಮಾತು ಹೇಳಿ ಮುಗಿಸುತ್ತೇನೆ.

ಒಂದು: ಅಪರಾಧವಾದರೆ ಅಪರಾಧಿಯ ಹೆಸರು ಕೇಳಿ. “ಅವರು ಮಾಡಿದರು” ಎಂದು ಯಾರಾದರೂ ಮೊಬೈಲಿನಲ್ಲಿ ಕಳುಹಿಸಿದರೆ, “ಅವರು ಎಂದರೆ ಯಾರು? ಯಾವ ಊರು? ಯಾವ ದಿನ?” ಎಂದು ಕೇಳಿ. ಹೆಸರಿಲ್ಲದ ಸಾಲವನ್ನು ಯಾವ ವ್ಯಾಪಾರಿಯೂ ಬರೆದುಕೊಳ್ಳುವುದಿಲ್ಲ. ಹೆಸರಿದ್ದರೆ ಪೊಲೀಸು, ನ್ಯಾಯಾಲಯ ಇವೆ. ನಮ್ಮವನೇ ಆಗಿದ್ದರೂ ಅವನನ್ನು ಅಡಗಿಸಬೇಡಿ.

ಎರಡು: ವ್ಯಾಪಾರ ಬಹಿಷ್ಕಾರದ ಮಾತು ಬಂದರೆ ಸಣ್ಣ ವ್ಯಾಪಾರಿಗಳು ಬಾಯಿ ಬಿಟ್ಟು ಬೇಡವೆನ್ನಿ. ಇಂದು ಬಳೆ ಅಂಗಡಿಗೆ ಬಂದ ಕೋಲು ನಾಳೆ ನಿಮ್ಮ ಅಂಗಡಿಗೂ ಬಂದೀತು. ಹಾಸನದ ಮಾರುಕಟ್ಟೆಗೆ ಪಂಜಾಬಿನ ಜಲಂಧರದಿಂದ ಬಿತ್ತನೆ ಆಲೂಗೆಡ್ಡೆ ಬರುತ್ತದೆ. ಲಾರಿಯಿಂದ ಮೂಟೆ ಇಳಿಸುವಾಗ ಬೆಳೆದವನ ಮತವನ್ನು ಯಾರು ಕೇಳುತ್ತಾರೆ?

ಮೂರು: ಸಂಘಗಳು ಬೋನಸ್ಸಿನ ನಿರ್ಣಯದ ಜೊತೆಗೆ ಇನ್ನೊಂದು ನಿರ್ಣಯವನ್ನೂ ಬರೆದುಕೊಳ್ಳಲಿ. ಗಲಭೆಯ ಸುದ್ದಿ ಬಂದ ರಾತ್ರಿ ಯಾವ ಬೀದಿಯಲ್ಲಿ ಯಾರು ಯಾರ ಮನೆಯ ಮುಂದೆ ನಿಲ್ಲಬೇಕು ಎಂಬುದನ್ನು ಇಂದೇ, ಊರು ಶಾಂತವಾಗಿರುವಾಗಲೇ, ಹಂಚಿಕೊಳ್ಳಲಿ. ನೈಜೀರಿಯದ ಕಾರ್ಮಿಕರು ಬರೆದುಕೊಳ್ಳದೆ ಬಿಟ್ಟ ನಿರ್ಣಯ ಅದು.

ಗೊರೂರಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ನಿಂತಿದೆ. ೧೮೬೦ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಏಳುತ್ತದೆ. ಅಣೆಕಟ್ಟು ಕಟ್ಟಿದಾಗ ನೀರು ಅಲ್ಲಿಯ ಹೊಲಮನೆಗಳನ್ನು ನುಂಗಿತು; ನುಂಗುವಾಗ ಇದು ಯಾರ ಹೊಲ, ಯಾರ ದೇವರ ಮನೆ ಎಂದು ಕೇಳಲಿಲ್ಲ. ಅದೇ ಹೇಮಾವತಿಯ ನೀರು ಇಂದು ಹೊಳೆನರಸೀಪುರದ, ಅರಕಲಗೂಡಿನ, ಚನ್ನರಾಯಪಟ್ಟಣದ ಗದ್ದೆಗಳಿಗೆ ಹರಿಯುತ್ತದೆ. ಊರು ಬಿಟ್ಟವರ ಋಣ ಆ ನೀರಿನಲ್ಲಿದೆ. ತೀರಿಸಬೇಕಾದ ನಿಜವಾದ ಸಾಲ ಅಂಥದು, ಸಂಗಾತಿಗಳೇ. ಅದನ್ನು ನಮ್ಮ ಖಾತೆಗೇ ಬರೆದುಕೊಳ್ಳೋಣ. ಮಾಡದವರ ಖಾತೆಗೆ ಬೇರೆಯವರು ಬರೆದಿಟ್ಟಿರುವ ಸಾಲವನ್ನು ಹೊಡೆದುಹಾಕೋಣ.